ಪುಟ್ಟ ಮಕ್ಕಳು ಗಿಡದ ಬೆಳವಣಿಗೆಯನ್ನು ಕೈಯಾರೆ ಮಾಡಿ ಕಲಿಯುವ ಬಗೆ

ಮೂರರಿಂದ ಆರು ವರ್ಷದೊಳಗಿನ ಮಕ್ಕಳನ್ನು ‘ಗಿಡಕ್ಕೆ ಜೀವವಿದೆಯೇ?’ ಎಂದು ಕೇಳಿದರೆ ಅನೇಕರು ಇಲ್ಲ ಎನ್ನುತ್ತಾರೆ. ಅದು ನಡೆಯುವುದಿಲ್ಲ, ಮಾತಾಡುವುದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಮಕ್ಕಳ ಆಲೋಚನಾಕ್ರಮವನ್ನು ದೀರ್ಘಕಾಲ ಅಭ್ಯಸಿಸಿದ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಗುರುತಿಸಿದ್ದರು. ಚಿಕ್ಕ ಮಕ್ಕಳು ಜೀವವನ್ನು ಚಲನೆಯೊಂದಿಗೆ ಸೇರಿಸಿ ನೋಡುತ್ತಾರೆ. ಆದ್ದರಿಂದಲೇ ಸೂರ್ಯನಿಗೂ ತೇಲುವ ಮೋಡಕ್ಕೂ ಜೀವವಿದೆ ಎನ್ನುವ ಮಗು ಎದುರಿಗೇ ನಿಂತ ಗಿಡಕ್ಕೆ ಜೀವವಿಲ್ಲ ಎಂದುಬಿಡಬಹುದು.

ಗಿಡವಾದರೋ ಬಿಡುವಿಲ್ಲದೆ ಚಲಿಸುತ್ತಲೇ ಇರುತ್ತದೆ. ಬೇರು ಕೆಳಕ್ಕೆ ತಿರುಗುತ್ತದೆ, ಕುಡಿ ಬೆಳಕಿನತ್ತ ವಾಲುತ್ತದೆ, ಎಲೆ ತನ್ನ ಮಡಿಕೆಗಳನ್ನು ಬಿಚ್ಚುತ್ತದೆ. ಆದರೆ ಇವೆಲ್ಲ ಮಗುವಿನ ಕಣ್ಣಿಗೆ ನಿಲುಕದಷ್ಟು ನಿಧಾನವಾಗಿ, ಹಲವು ಸಲ ಮಣ್ಣಿನೊಳಗೆ ಮರೆಯಾಗಿ ನಡೆಯುತ್ತವೆ. ಹಾಗಾಗಿ ಕಲಿಸುವವರ ಮೊದಲ ಕೆಲಸ ಈ ಚಲನೆ ಕಣ್ಣಿಗೆ ಬೀಳುವಂತೆ ಮಾಡುವುದು. ಬೇಗ ಮೊಳೆಯುವ ಬೀಜವನ್ನು ಆರಿಸುವುದು, ಪಾರದರ್ಶಕ ಲೋಟವನ್ನು ಬಳಸುವುದು, ದಿನದಿನಕ್ಕೆ ಗುರುತು ಹಾಕುವುದು, ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಗಿಡ ಇಡುವುದು, ಎಲ್ಲವೂ ಇದೇ ಉದ್ದೇಶಕ್ಕೆ. ಇದರ ಜೊತೆಗೆ ಒಂದು ನಿಯಮವನ್ನು ಶಿಕ್ಷಕರೂ ತಂದೆತಾಯಿಯರೂ ಗಟ್ಟಿಯಾಗಿ ಪಾಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ: ಮಗು ನೋಡುವುದಕ್ಕೆ ಮುಂಚೆ ನಾವು ವಿವರಿಸಬಾರದು. ‘ಈಗ ಬೇರು ಬರುತ್ತದೆ, ಆಮೇಲೆ ಎಲೆ ಬರುತ್ತದೆ’ ಎಂದು ಮೊದಲೇ ಹೇಳಿಬಿಟ್ಟರೆ ಮಗುವಿಗೆ ನಮ್ಮ ಮಾತನ್ನು ನೆನಪಿಟ್ಟುಕೊಳ್ಳುವ ಕೆಲಸವಷ್ಟೇ ಉಳಿಯುತ್ತದೆ, ಕಂಡುಹಿಡಿಯುವ ಸಂತೋಷ ಕೈತಪ್ಪುತ್ತದೆ.

ಬೀಜದ ಆಯ್ಕೆ, ಎಚ್ಚರಿಕೆಗಳು

ಬೀಜ ಆರಿಸುವಾಗ ನೋಡಬೇಕಾದ ಗುಣಗಳು ಎರಡು: ಅದು ಪುಟ್ಟ ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು, ಮಗುವಿನ ತಾಳ್ಮೆ ಮುಗಿಯುವ ಮೊದಲೇ ಮೊಳೆಯಬೇಕು. ಹೆಸರುಕಾಳು ನೆನೆಸಿದ ಒಂದೆರಡು ದಿನದಲ್ಲೇ ಮೊಳಕೆ ತೋರಿಸುತ್ತದೆ. ಸಾಸಿವೆ, ಮೂಲಂಗಿ ಎರಡರಿಂದ ನಾಲ್ಕು ದಿನ ತೆಗೆದುಕೊಳ್ಳುತ್ತವೆ. ಆದರೆ ಭಾಗಗಳನ್ನು ಸ್ಪಷ್ಟವಾಗಿ ತೋರಿಸುವುದರಲ್ಲಿ ಹುರುಳಿಕಾಯಿಯ, ಅಂದರೆ ಬೀನ್ಸಿನ, ಬೀಜಕ್ಕೆ ಸಾಟಿಯಿಲ್ಲ. ಅದರ ಬೇರು ಹೊರಬರಲು ಬೆಚ್ಚಗಿನ ಕೋಣೆಯಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಮೊದಲ ವಾರಕ್ಕೆ ಹೆಸರುಕಾಳು, ಅದರ ಜೊತೆಗೇ ಬಿತ್ತಿದ ಬೀನ್ಸ್ ಬೀಜ ಎರಡನೆಯ ವಾರಕ್ಕೆ, ಹೀಗೆ ಯೋಜಿಸಿಕೊಂಡರೆ ಮಕ್ಕಳಿಗೆ ನೋಡಲು ಪ್ರತಿದಿನವೂ ಏನಾದರೂ ಹೊಸದು ಇರುತ್ತದೆ. ತಿಂಗಳುಗಟ್ಟಲೆ ಮಣ್ಣಿನೊಳಗೇ ಸುಮ್ಮನಿರುವ ಗಟ್ಟಿ ಸಿಪ್ಪೆಯ ಬೀಜಗಳು ಈ ವಯಸ್ಸಿಗೆ ಬೇಡ.

ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆ ಇರಬಾರದು. ಚಿಕ್ಕ ಮಕ್ಕಳು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವುದುಂಟು. ಅಲ್ಲಿನ ತೇವಕ್ಕೆ ಕಾಳು ಉಬ್ಬಿದರೆ ಹೊರತೆಗೆಯುವುದು ವೈದ್ಯರಿಗೂ ಕಷ್ಟ. ಬಾಯಿಗೆ ಹಾಕಿಕೊಂಡ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಬೀಜಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ಪಡೆಯಿರಿ; ಇದರಿಂದ ಮಕ್ಕಳಿಗೆ ಎಣಿಕೆಯ ಅಭ್ಯಾಸವೂ ಆಗುತ್ತದೆ. ಬಿತ್ತನೆಗೆಂದೇ ಮಾರುವ ಬೀಜಗಳಿಗೆ ಶಿಲೀಂಧ್ರನಾಶಕ ಲೇಪಿಸಿ ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣ ಕೊಟ್ಟಿರುವುದುಂಟು. ಅಂಥವು ಮಕ್ಕಳ ಕೈಗೆ ಹೋಗಬಾರದು. ಅಡುಗೆಗೆ ತಂದ ಇಡೀ ಕಾಳುಗಳೇ ಈ ಕೆಲಸಕ್ಕೆ ಸಾಕು. ಬೇಳೆ ಒಡೆದದ್ದು ಮೊಳೆಯುವುದಿಲ್ಲ. ಆದರೆ ಬೀನ್ಸಿನ ಬೀಜವನ್ನು, ವಿಶೇಷವಾಗಿ ಕೆಂಪು ಬಣ್ಣದ ರಾಜ್ಮಾ ಜಾತಿಯದನ್ನು, ಹಸಿಯಾಗಿ ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ ಎಂಬುದು ನೆನಪಿರಲಿ. ಗುಲಗಂಜಿ, ಹರಳು, ಕಣಗಿಲೆ, ದತ್ತೂರಿ ಇವುಗಳ ಬೀಜಗಳು ತೀವ್ರ ವಿಷ. ನೋಡಲು ಎಷ್ಟೇ ಚೆನ್ನಾಗಿದ್ದರೂ ಸಂಗ್ರಹದಲ್ಲಿ ಅವಕ್ಕೆ ಜಾಗವಿಲ್ಲ. ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯುವುದು ಚಟುವಟಿಕೆಯ ಕೊನೆಯ ಹಂತವೆಂದೇ ಮಕ್ಕಳು ತಿಳಿಯುವಂತಾಗಬೇಕು.

ಮೊದಲು ಒಣಬೀಜ, ಮರುದಿನ ನೆನೆದ ಬೀಜ

ಮೊದಲ ದಿನ ಬಿತ್ತುವ ಮಾತೇ ಬೇಡ. ಪ್ರತಿ ಮಗುವಿನ ಕೈಗೆ ಒಂದು ಒಣ ಬೀನ್ಸ್ ಬೀಜ ಕೊಟ್ಟು ಹಿಸುಕಲು, ಉರುಳಿಸಲು, ಮೇಜಿನ ಮೇಲೆ ಬೀಳಿಸಿ ಸದ್ದು ಕೇಳಲು ಬಿಡಿ. ‘ಇದರೊಳಗೆ ಏನಿರಬಹುದು?’ ಎಂದು ಕೇಳಿ, ಪ್ರತಿಯೊಬ್ಬರಿಂದ ಒಂದು ಚಿತ್ರ ಬರೆಸಿ. ಒಬ್ಬರು ನೀರು ಬರೆಯುತ್ತಾರೆ, ಇನ್ನೊಬ್ಬರು ಹಣ್ಣು ತುಂಬಿದ ದೊಡ್ಡ ಮರವನ್ನೇ ಬರೆಯುತ್ತಾರೆ. ಯಾವುದನ್ನೂ ತಿದ್ದಬೇಡಿ, ಸರಿಯೆಂದೂ ಹೇಳಬೇಡಿ.

ನಂತರ ಒಂದು ಪಾರದರ್ಶಕ ಪ್ಲಾಸ್ಟಿಕ್ ಲೋಟದ ಅರ್ಧದವರೆಗೆ ಬೀಜ ಹಾಕಿ, ಆ ಮಟ್ಟಕ್ಕೆ ಹೊರಗಿನಿಂದ ಗೆರೆ ಎಳೆದು, ತುಂಬ ನೀರು ಹೊಯ್ದು ಇಡಿ. ಮರುದಿನ ಬೆಳಗ್ಗೆ ಬೀಜಗಳು ಗೆರೆಯನ್ನು ದಾಟಿ ಮೇಲೆ ಬಂದಿರುತ್ತವೆ, ನೀರು ಇಳಿದಿರುತ್ತದೆ. ಬೀಜ ಏನು ಮಾಡಿತು ಎಂಬುದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ‘ನೀರು ಕುಡಿದುಬಿಟ್ಟಿದೆ’ ಎಂದು ಮಕ್ಕಳೇ ಹೇಳುತ್ತಾರೆ. ನೆನೆಸುವ ಅವಧಿ ಎಂಟರಿಂದ ಹನ್ನೆರಡು ಗಂಟೆ ಇದ್ದರೆ ಸಾಕು. ಒಂದು ದಿನಕ್ಕೂ ಹೆಚ್ಚು ಹೊತ್ತು ನೀರಿನಲ್ಲೇ ಮುಳುಗಿದ್ದರೆ ಬೀಜಕ್ಕೆ ಆಮ್ಲಜನಕ ಸಿಗದೆ ಕೊಳೆಯುತ್ತದೆ.

ನೆನೆದ ಬೀಜವನ್ನು ಬಿಡಿಸುವುದು ಇಡೀ ಕಲಿಕೆಯಲ್ಲಿ ಅತ್ಯಂತ ಬೆಲೆಯುಳ್ಳ ಹತ್ತು ನಿಮಿಷ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಚಾಕು ಬೇಕಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಉಜ್ಜಿದರೆ ಸಿಪ್ಪೆ ಒದ್ದೆ ಕಾಗದದ ಹಾಗೆ ಜಾರುತ್ತದೆ. ಒಳಗಿನ ಬಿಳಿ ಭಾಗ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ, ಒಂದು ಹೋಳಿನ ಅಂಚಿಗೆ ಪುಟ್ಟ ಗಿಡವೊಂದು ಅಂಟಿಕೊಂಡಿರುತ್ತದೆ. ಭೂತಗನ್ನಡಿ ಹಿಡಿದರೆ ಒಂದರ ಮೇಲೊಂದು ಮಡಚಿದ ಎರಡು ಎಲೆಗಳು, ಅವುಗಳ ಮೇಲಿನ ನರಗಳ ಗೆರೆ, ಕೆಳಗೆ ಚೂಪಾದ ಬೇರಿನ ತುದಿ ಎಲ್ಲವೂ ಕಾಣುತ್ತವೆ. ಆಗ ಹೆಸರುಗಳನ್ನು ಕೊಡಿ: ಹೊರಗಿನದು ಸಿಪ್ಪೆ, ಒಳಗಿರುವುದು ಮರಿಗಿಡ, ಈ ದಪ್ಪ ಹೋಳುಗಳು ಮರಿಗಿಡಕ್ಕೆ ಕಟ್ಟಿಕೊಟ್ಟ ಬುತ್ತಿ. ಭ್ರೂಣ, ಬೀಜದಳ ಎಂಬ ಪದಗಳು ಈ ವಯಸ್ಸಿಗೆ ಕಡ್ಡಾಯವಲ್ಲ, ಆದರೆ ಕೇಳಿಸಿಕೊಳ್ಳುವ ಆಸೆ ಇರುವ ಮಗುವಿಗೆ ಹೇಳದೆ ಇರುವುದೂ ಸರಿಯಲ್ಲ. ದೊಡ್ಡ ಪದಗಳನ್ನು ಉಚ್ಚರಿಸುವುದೆಂದರೆ ಅನೇಕ ಮಕ್ಕಳಿಗೆ ಬಲು ಇಷ್ಟ.

ಲೋಟದಲ್ಲಿ ಬೇರು ನೋಡುವುದು

ಪಾರದರ್ಶಕ ಲೋಟದ ಒಳಮೈಗೆ ಮಡಚಿದ ಟಿಶ್ಯೂ ಕಾಗದವನ್ನು ಸುತ್ತಲೂ ಒರಗಿಸಿ, ಅದು ಬೀಳದಂತೆ ನಡುವೆ ಹತ್ತಿಯನ್ನೋ ಮುದ್ದೆ ಮಾಡಿದ ಕಾಗದವನ್ನೋ ತುಂಬಿ. ನೆನೆದ ನಾಲ್ಕೈದು ಬೀಜಗಳನ್ನು ಲೋಟದ ಗೋಡೆಗೂ ಕಾಗದಕ್ಕೂ ನಡುವೆ, ಅರ್ಧ ಎತ್ತರದಲ್ಲಿ ಕೂರಿಸಿ. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ನೀರು ನಿಂತರೆ ಸಾಕು, ಕಾಗದವೇ ಅದನ್ನು ಮೇಲಕ್ಕೆ ಹೀರಿ ಬೀಜಕ್ಕೆ ತಲುಪಿಸುತ್ತದೆ. ಬೀಜ ನೀರಿನಲ್ಲಿ ಮುಳುಗಬಾರದು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಣೆ ಇದಕ್ಕೆ ಹಿತ. ನೇರ ಬಿಸಿಲಿನ ಕಿಟಕಿಯಲ್ಲಿಟ್ಟರೆ ಲೋಟ ಕಾದು ಬೀಜ ಬೆಂದಂತಾಗುತ್ತದೆ.

ಬೀಜಗಳನ್ನು ಬೇಕೆಂದೇ ಬೇರೆ ಬೇರೆ ದಿಕ್ಕಿಗೆ ಇಡಿ. ಒಂದನ್ನು ಅಡ್ಡಲಾಗಿ, ಒಂದನ್ನು ತಲೆಕೆಳಗಾಗಿ, ಒಂದನ್ನು ಓರೆಯಾಗಿ ಇಟ್ಟು, ‘ಬೇರು ಎತ್ತ ಹೋಗಬಹುದು?’ ಎಂದು ಕೇಳಿ ಪ್ರತಿಯೊಬ್ಬರ ಊಹೆಯನ್ನು ಬಾಣದ ಗುರುತಿನಿಂದ ಲೋಟದ ಮೇಲೆ ಬರೆಯಿರಿ. ಮೂರು ನಾಲ್ಕು ದಿನಗಳಲ್ಲಿ ಸಿಪ್ಪೆ ಸೀಳಿ ಬಿಳಿಯ ಬೇರು ಇಣುಕುತ್ತದೆ. ಬೀಜವನ್ನು ಹೇಗೇ ಇಟ್ಟಿದ್ದರೂ ಬೇರು ಬಾಗಿ ಕೆಳಕ್ಕೇ ಇಳಿಯುತ್ತದೆ. ಬೇರು ಎರಡು ಸೆಂಟಿಮೀಟರ್ ಬೆಳೆದ ಮೇಲೆ ನೀರು ಬಸಿದು, ಕಾಗದ ತೇವವಾಗಿರುವಂತೆ ನೋಡಿಕೊಂಡು, ಲೋಟವನ್ನು ಅಡ್ಡ ಮಲಗಿಸಿಟ್ಟರೆ ಒಂದು ದಿನದೊಳಗೆ ಬೇರಿನ ತುದಿ ಮತ್ತೆ ಕೆಳಕ್ಕೆ ತಿರುಗಿರುತ್ತದೆ. ‘ಗಿಡ ಅಲ್ಲಾಡುವುದೇ ಇಲ್ಲ’ ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಬೇರಿಗೆ ಕೆಳಗು ಯಾವುದೆಂದು ತಿಳಿಯುವುದು ಗುರುತ್ವದಿಂದ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ 1806ರಲ್ಲಿ ತೋರಿಸಿಕೊಟ್ಟರು. ನೀರಿನಿಂದ ತಿರುಗುವ ಚಕ್ರಕ್ಕೆ ಮೊಳೆಯುವ ಬೀಜಗಳನ್ನು ಕಟ್ಟಿ ವೇಗವಾಗಿ ಸುತ್ತಿಸಿದಾಗ ಬೇರುಗಳು ಚಕ್ರದ ಹೊರಮುಖಕ್ಕೂ ಕುಡಿಗಳು ಅದರ ಕೇಂದ್ರದತ್ತಲೂ ಬೆಳೆದವು. ಬೇರಿನ ತುದಿಯ ಜೀವಕೋಶಗಳೊಳಗೆ ಭಾರವಾದ ಪಿಷ್ಟದ ಕಣಗಳಿದ್ದು, ಅವು ಕೆಳಭಾಗಕ್ಕೆ ಸೇರಿಕೊಳ್ಳುವುದರಿಂದ ಬೇರಿಗೆ ದಿಕ್ಕು ತಿಳಿಯುತ್ತದೆ. ಇದು ಮಕ್ಕಳಿಗೆ ಹೇಳಬೇಕಾದ ವಿಷಯವಲ್ಲ. ಕಲಿಸುವವರ ಮನಸ್ಸಿನಲ್ಲಿ ಇರಬೇಕಾದದ್ದು. ವಿಷಯ ತಿಳಿದಿರುವ ದೊಡ್ಡವರಿಗೆ ಮಾತ್ರ ಮಗುವಿನ ಅನಿರೀಕ್ಷಿತ ಪ್ರಶ್ನೆಯನ್ನು ನೆಮ್ಮದಿಯಿಂದ ಎದುರಿಸಲು ಸಾಧ್ಯ.

ಐದಾರನೆಯ ದಿನದ ಹೊತ್ತಿಗೆ ಪಕ್ಕಬೇರುಗಳು ಒಡೆಯುತ್ತವೆ. ಮೂಲಂಗಿ ಬೀಜವನ್ನೂ ಒದ್ದೆ ಕಾಗದದ ಮೇಲೆ ಮೊಳೆಯಿಸಿದ್ದರೆ ಅದರ ಬೇರಿನ ತುದಿಗಿಂತ ಸ್ವಲ್ಪ ಹಿಂದೆ ನವಿರಾದ ಬಿಳಿ ನೂಲುಗಳು ಸುತ್ತಲೂ ಒತ್ತಾಗಿ ನಿಂತಿರುವುದು ಕಾಣುತ್ತದೆ. ಇವು ನೀರು ಹೀರುವ ಬೇರುರೋಮಗಳು. ಅನೇಕರು ಇವನ್ನು ಬೂಷ್ಟು ಎಂದು ತಿಳಿದು ಮೊಳಕೆಗಳನ್ನು ಎಸೆದುಬಿಡುತ್ತಾರೆ. ಗುರುತಿಸುವುದು ಕಷ್ಟವಲ್ಲ: ಬೇರುರೋಮಗಳು ಬೇರಿನ ಒಂದು ಭಾಗದಲ್ಲಷ್ಟೇ ಒಂದೇ ಸಮನಾಗಿ ಇರುತ್ತವೆ, ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಕಾಣದಾಗುತ್ತವೆ. ಬೂಷ್ಟು ತೇಪೆ ತೇಪೆಯಾಗಿ ಬೀಜದ ಸಿಪ್ಪೆಯಿಂದ ಹರಡುತ್ತದೆ, ವಾಸನೆ ಬರುತ್ತದೆ. ಬೂಷ್ಟು ಬಂದ ಬೀಜವನ್ನು ದೊಡ್ಡವರೇ ತೆಗೆದುಹಾಕಿ ಕಾಗದ ಬದಲಿಸಬೇಕು.

ಒಂದು ವಾರ ಕಳೆದಂತೆ ಬಾಗಿದ ಕೊಕ್ಕೆಯಂಥ ಕಾಂಡ ಮೇಲೇಳುತ್ತದೆ. ಕುಡಿಯ ಎಳೆಯ ಎಲೆಗಳು ಮಣ್ಣಿಗೆ ಉಜ್ಜಿ ಹರಿಯದಂತೆ ಕಾಂಡವೇ ಬೆನ್ನುಕೊಟ್ಟು ದಾರಿ ಬಿಡಿಸಿಕೊಳ್ಳುವ ಬಗೆ ಅದು. ಬೆಳಕು ಕಂಡ ಮೇಲೆ ಕೊಕ್ಕೆ ನೆಟ್ಟಗಾಗಿ, ಬೀಜದ ಎರಡು ಹೋಳುಗಳು ಬಿಚ್ಚಿ, ನಡುವಿನಿಂದ ಮೊದಲ ಎಲೆಗಳು ಹರಡುತ್ತವೆ. ಜೊತೆಗೆ ಒಂದು ಬಟಾಣಿಯನ್ನೂ ಒಂದು ಮೆಕ್ಕೆಜೋಳದ ಕಾಳನ್ನೂ ಇಟ್ಟಿದ್ದರೆ ಅವುಗಳ ಬುತ್ತಿ ಮೇಲೆ ಬಾರದೆ ಕೆಳಗೇ ಉಳಿಯುವುದನ್ನು ದೊಡ್ಡ ಮಕ್ಕಳು ಗಮನಿಸಿಯಾರು. ಬೀನ್ಸಿನ ದಪ್ಪ ಹೋಳುಗಳು ದಿನದಿನಕ್ಕೆ ಬತ್ತಿ ಸುಕ್ಕಾಗಿ ಕೊನೆಗೆ ಉದುರುತ್ತವೆ. ಬುತ್ತಿ ಖಾಲಿಯಾಗುವ ಮೊದಲೇ ಸಸಿಯನ್ನು ಮಣ್ಣಿರುವ, ತಳದಲ್ಲಿ ತೂತಿರುವ ಕುಂಡಕ್ಕೆ ವರ್ಗಾಯಿಸಿ.

ಬೆಳವಣಿಗೆಯನ್ನು ದಾಖಲಿಸುವುದು

ನಾಲ್ಕು ವರ್ಷದ ಮಗುವಿಗೆ ಅಳತೆಪಟ್ಟಿಯ ಅಂಕಿಗಳು ಹೆಚ್ಚೇನೂ ಹೇಳುವುದಿಲ್ಲ. ಅದರ ಬದಲು ಎರಡು ದಿನಕ್ಕೊಮ್ಮೆ ಬಣ್ಣದ ಕಾಗದದ ಪಟ್ಟಿಯನ್ನು ಗಿಡದ ಪಕ್ಕ ಹಿಡಿದು, ಗಿಡದಷ್ಟೇ ಎತ್ತರಕ್ಕೆ ಕತ್ತರಿಸಿ, ಗೋಡೆಯ ಮೇಲೆ ಸಾಲಾಗಿ ಅಂಟಿಸಿ. ಹತ್ತು ಹನ್ನೆರಡು ದಿನಗಳಲ್ಲಿ ಮೆಟ್ಟಿಲುಗಳಂತೆ ಏರುವ ಸಾಲು ಸಿದ್ಧವಾಗುತ್ತದೆ. ಅಕ್ಷರ ಬಾರದ ಮಗು ತಾನೇ ತಯಾರಿಸಿದ ನಕ್ಷೆ ಅದು. ಯಾವ ಎರಡು ಪಟ್ಟಿಗಳ ನಡುವೆ ಏರಿಕೆ ಹೆಚ್ಚು, ಯಾವಾಗ ಗಿಡ ಅಷ್ಟಾಗಿ ಬೆಳೆಯಲಿಲ್ಲ ಎಂದು ಕೇಳಿದರೆ ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ. ಚಿತ್ರ ಬರೆಸುವಾಗ ‘ಚೆಂದ ಬರಿ’ ಎನ್ನುವುದಕ್ಕಿಂತ ‘ನಿನ್ನೆ ಇಲ್ಲದ್ದು ಇವತ್ತು ಏನಿದೆಯೋ ಅದನ್ನು ಬರಿ’ ಎಂದರೆ ಕಣ್ಣು ಗಿಡದ ಮೇಲೆ ನಿಲ್ಲುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ಏಕೆ?’ ಎಂಬ ಪ್ರಶ್ನೆಗೆ ಈ ವಯಸ್ಸಿನ ಮಕ್ಕಳು ದೊಡ್ಡವರ ಮುಖ ನೋಡಿ ಅವರಿಗೆ ಬೇಕಾದ ಉತ್ತರವನ್ನು ಹುಡುಕುತ್ತಾರೆ. ‘ಏನು ಬದಲಾಗಿದೆ?’, ‘ಯಾವುದು ಮೆತ್ತಗಿದೆ?’, ‘ನಾಳೆ ಹೇಗಿರಬಹುದು?’ ಎಂದರೆ ಗಿಡದ ಕಡೆ ನೋಡುತ್ತಾರೆ. ಕೇಳಿದ ಮೇಲೆ ಸುಮ್ಮನಿರಬೇಕು. ಮಗು ಬಾಯಿ ತೆರೆಯುವ ಮುನ್ನವೇ ನಾವು ಉತ್ತರಿಸಿದರೆ ಕೇಳಿಯೂ ಪ್ರಯೋಜನವಿಲ್ಲ.

ಒಂದನ್ನು ಮಾತ್ರ ಬದಲಿಸಿ ಹೋಲಿಸುವುದು

ವಿಜ್ಞಾನದ ಮೂಲಕ್ರಮವನ್ನು ಐದು ವರ್ಷದ ಮಗುವಿಗೂ ಹೇಳಿಕೊಡಬಹುದು: ಎರಡು ಕುಂಡ, ಒಂದೇ ಬಗೆಯ ಬೀಜ, ಒಂದೇ ಮಣ್ಣು, ಬದಲಿಸುವುದು ಒಂದನ್ನೇ. ನೀರಿನಿಂದ ಆರಂಭಿಸುವುದು ಸುಲಭ. ಒಂದು ಕುಂಡಕ್ಕೆ ನೀರಿಲ್ಲ, ಇನ್ನೊಂದಕ್ಕೆ ಹದವಾಗಿ. ಇವೆರಡರ ಫಲಿತಾಂಶವನ್ನು ಮಕ್ಕಳು ಮೊದಲೇ ಊಹಿಸಿಬಿಡುತ್ತಾರೆ, ಹಾಗಾಗಿ ಮೂರನೆಯ ಕುಂಡವೊಂದನ್ನು ಇಟ್ಟು ಅದನ್ನು ಸದಾ ನೀರಿನಲ್ಲಿ ಮುಳುಗಿಸಿಡಿ. ನೀರು ಹೆಚ್ಚಾದಷ್ಟೂ ಗಿಡಕ್ಕೆ ಒಳ್ಳೆಯದೆಂದು ಬಹುತೇಕ ಎಲ್ಲ ಮಕ್ಕಳೂ ನಂಬಿರುತ್ತಾರೆ. ಬೇರಿಗೂ ಗಾಳಿ ಬೇಕು, ಮುಳುಗಿದರೆ ಕೊಳೆಯುತ್ತದೆ ಎಂಬುದನ್ನು ಈ ಕುಂಡವೇ ತೋರಿಸಿಕೊಡುತ್ತದೆ. ಆಮೇಲೆ ನೀರು ಹಾಕುವ ಮುಂಚೆ ಬೆರಳನ್ನು ಮಣ್ಣಿಗೆ ಚುಚ್ಚಿ ತೇವ ನೋಡುವ ಅಭ್ಯಾಸವನ್ನು ಅವರು ತಾವಾಗಿಯೇ ಒಪ್ಪುತ್ತಾರೆ. ಹೂಜಿಯ ಬದಲು ಚಮಚ ಅಥವಾ ಸಿಂಪಡಿಸುವ ಬಾಟಲಿ ಕೊಟ್ಟರೆ ಅನಾಹುತ ಕಡಿಮೆ.

ಬೆಳಕಿನ ಪ್ರಯೋಗಕ್ಕೆ ಹೆಚ್ಚು ಸಿದ್ಧತೆ ಬೇಕು, ಏಕೆಂದರೆ ಇಲ್ಲಿ ಕಣ್ಣಿಗೆ ಕಾಣುವುದೇ ದಾರಿ ತಪ್ಪಿಸುತ್ತದೆ. ಬಿತ್ತಿದ ಎರಡು ಕುಂಡಗಳಲ್ಲಿ ಒಂದನ್ನು ಕಿಟಕಿಯ ಬಳಿಯೂ ಇನ್ನೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲೂ ಇಡಿ. ಮೊದಲನೆಯದಾಗಿ ಎರಡೂ ಮೊಳೆಯುತ್ತವೆ. ಬೀನ್ಸ್, ಹೆಸರುಕಾಳು ಮುಂತಾದ ಹೆಚ್ಚಿನ ಬೀಜಗಳು ಮೊಳೆಯಲು ಬೆಳಕು ಬೇಕಿಲ್ಲ. ನೀರು, ಗಾಳಿ, ಬೆಚ್ಚಗಿನ ವಾತಾವರಣ ಇಷ್ಟೇ ಸಾಕು. ಎರಡನೆಯದಾಗಿ, ಒಂದು ವಾರದ ನಂತರ ಪೆಟ್ಟಿಗೆ ತೆರೆದರೆ ಕತ್ತಲೆಯ ಗಿಡವೇ ಎತ್ತರವಾಗಿರುತ್ತದೆ! ‘ಕತ್ತಲೆಯಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದೆ’ ಎಂದು ಮಕ್ಕಳು ಕೂಗಿ ಹೇಳುವುದು ಸಹಜ, ಅವರ ಕಾಗದದ ಪಟ್ಟಿಗಳೂ ಅದನ್ನೇ ಹೇಳುತ್ತವೆ. ಇಲ್ಲಿ ಆತುರಪಟ್ಟು ತಿದ್ದಬಾರದು. ‘ಎತ್ತರ ನೋಡಿದ್ದಾಯಿತು, ಇನ್ನೇನು ನೋಡಬಹುದು?’ ಎಂದು ಕೇಳಿ. ಬಣ್ಣ ನೋಡಲಿ, ಕಾಂಡವನ್ನು ಮೆಲ್ಲಗೆ ಮುಟ್ಟಲಿ, ಎಲೆಯ ಅಗಲವನ್ನು ಹೋಲಿಸಲಿ. ಒಂದು ಹಸಿರು, ಗಿಡ್ಡ, ಗಟ್ಟಿ. ಇನ್ನೊಂದು ಹಳದಿ, ತೆಳ್ಳಗೆ, ನಿಲ್ಲಲಾರದ್ದು. ಬೆಳಕು ಸಿಗದ ಗಿಡ ತನ್ನ ಬುತ್ತಿಯನ್ನೆಲ್ಲ ಉದ್ದವಾಗುವುದಕ್ಕೇ ಖರ್ಚುಮಾಡಿ ಬೆಳಕನ್ನು ಹುಡುಕುತ್ತಿರುತ್ತದೆ. ಬುತ್ತಿ ಮುಗಿದ ಮೇಲೆ ಬಾಗಿ ಬಿದ್ದು ಸಾಯುತ್ತದೆ. ಸಾಯುವ ಮುನ್ನ ಅದನ್ನು ಕಿಟಕಿಗೆ ತಂದರೆ ಒಂದೆರಡು ದಿನದಲ್ಲಿ ಎಲೆಗಳು ಹಸಿರಾಗುವುದನ್ನೂ ನೋಡಬಹುದು, ಏಕೆಂದರೆ ಈ ಗಿಡಗಳಲ್ಲಿ ಪತ್ರಹರಿತ್ತು ತಯಾರಾಗಲು ಬೆಳಕು ಬೇಕು. ಒಂದೇ ಅಳತೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು ಎಂಬ ಪಾಠ ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಸಲೀಸಾಗಿ ಸಿಗುವ ಪ್ರಯೋಗ ಇನ್ನೊಂದಿಲ್ಲ.

ಇದರ ಮುಂದುವರಿಕೆಯಾಗಿ ಬೆಳಕಿನತ್ತ ಬಾಗುವುದನ್ನು ತೋರಿಸಿ. ಸಾಸಿವೆಯ ಎಳೆ ಸಸಿಗಳಿರುವ ತಟ್ಟೆಯನ್ನು ಕಿಟಕಿಯ ಬಳಿ ಇಟ್ಟು, ಅವು ಕಿಟಕಿಯತ್ತ ವಾಲಿದ ಮೇಲೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರೆ ಸುಮಾರು ಒಂದು ದಿನದಲ್ಲಿ ಅಷ್ಟೂ ಸಸಿಗಳು ಮತ್ತೆ ಬೆಳಕಿನ ಕಡೆ ಮುಖ ಮಾಡಿರುತ್ತವೆ. ಒಂದು ಬದಿಯಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಬೀನ್ಸ್ ಸಸಿಯನ್ನಿಟ್ಟು, ನಡುವೆ ಅಡ್ಡಗೋಡೆಯಂತೆ ರಟ್ಟಿನ ತುಂಡು ನಿಲ್ಲಿಸಿದರೆ ಗಿಡ ಅದನ್ನು ಬಳಸಿಕೊಂಡು ತೂತಿನಿಂದ ಹೊರಬರುವುದನ್ನು ಮಕ್ಕಳು ದಿನಾ ಮುಚ್ಚಳ ಸರಿಸಿ ನೋಡುತ್ತಾರೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ತಾಗದಂತೆ ಟೊಪ್ಪಿಗೆ ಹಾಕಿ, ಆಗ ಅವು ಬಾಗುವುದಿಲ್ಲವೆಂದು ತೋರಿಸಿದ್ದರು. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು ಹೀಗೆ ತಿಳಿಯಿತು. ಸಹನೆಯಿರುವ ಆರು ವರ್ಷದ ಮಕ್ಕಳೊಂದಿಗೆ ಮೆಕ್ಕೆಜೋಳದ ಎಳೆ ಮೊಳಕೆಗಳಿಗೆ ಬೆಳ್ಳಿಕಾಗದದ ಪುಟ್ಟ ಟೊಪ್ಪಿಗೆ ತೊಡಿಸಿ ಇದನ್ನು ಮಾಡಿ ನೋಡಬಹುದು.

ಮಣ್ಣು ಗಿಡದ ಊಟವೇ?

ಗಿಡ ಮಣ್ಣನ್ನು ತಿಂದು ದೊಡ್ಡದಾಗುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲೂ ಇದೆ. ನಾವೇ ಗೊಬ್ಬರಕ್ಕೆ ‘ಗಿಡದ ಊಟ’ ಎಂದು ಹೇಳಿ ಅದನ್ನು ಬಲಪಡಿಸುತ್ತೇವೆ. ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿ ಬೆಳೆಸಿದಾಗ ಮರದ ತೂಕ ಸುಮಾರು 169 ಪೌಂಡ್ ಆಗಿತ್ತು. ಮಣ್ಣು ಕಡಿಮೆಯಾದದ್ದು ಬರೀ 2 ಔನ್ಸಿನಷ್ಟು. ಅವರು ನಿಧನರಾದ ಮೇಲೆ 1648ರಲ್ಲಿ ಈ ವಿವರ ಪ್ರಕಟವಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂಬ ಅವರ ತೀರ್ಮಾನ ಪೂರ್ತಿ ಸರಿಯಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್‌ನ ಪಾತ್ರ ಮುಂದಿನ ಶತಮಾನಗಳಲ್ಲಿ ತಿಳಿದುಬಂತು. ಆದರೆ ಮರದ ಮೈ ಮಣ್ಣಿನಿಂದ ಆದದ್ದಲ್ಲ ಎಂಬುದನ್ನು ಆ ತಕ್ಕಡಿ ಸ್ಪಷ್ಟವಾಗಿ ಹೇಳಿತು.

ಪುಟ್ಟ ಮಕ್ಕಳಿಗೆ ಇದನ್ನು ತೋರಿಸಲು ಹತ್ತಿಯಲ್ಲಿ ಬೆಳೆದ ಬೀನ್ಸ್ ಸಸಿಯೇ ಸಾಕು. ‘ಇಲ್ಲಿ ಮಣ್ಣೇ ಇಲ್ಲವಲ್ಲ, ಇದಕ್ಕೆ ಊಟ ಎಲ್ಲಿಂದ ಬಂತು?’ ಎಂದು ಕೇಳಿ. ಬೀಜ ಬಿಡಿಸಿ ನೋಡಿದವರಿಗೆ ಬುತ್ತಿಯ ನೆನಪಾಗುತ್ತದೆ. ಮೊಳೆತ ಮೂರು ಸಸಿಗಳಲ್ಲಿ ಒಂದರ ಒಂದು ಹೋಳನ್ನೂ ಇನ್ನೊಂದರ ಎರಡೂ ಹೋಳುಗಳನ್ನೂ ಕಿತ್ತು, ಮೂರನೆಯದನ್ನು ಹಾಗೆಯೇ ಬಿಟ್ಟರೆ ಬೆಳವಣಿಗೆಯ ವ್ಯತ್ಯಾಸ ಎದ್ದುಕಾಣುತ್ತದೆ. ಬುತ್ತಿ ಮುಗಿದ ಮೇಲೆ ಎಲೆಗಳು ಬೆಳಕು, ಗಾಳಿ, ನೀರು ಸೇರಿಸಿ ತಾವೇ ಊಟ ತಯಾರಿಸಿಕೊಳ್ಳುತ್ತವೆ, ಮಣ್ಣು ನೀರನ್ನೂ ಒಂದಿಷ್ಟು ಲವಣಗಳನ್ನೂ ಕೊಟ್ಟು ಬೇರನ್ನು ಹಿಡಿದು ನಿಲ್ಲಿಸುತ್ತದೆ ಎಂದು ಹೇಳಿದರೆ ಈ ವಯಸ್ಸಿಗೆ ಸಾಕು. ದ್ಯುತಿಸಂಶ್ಲೇಷಣೆಯ ಹೆಸರು ಮುಂದೆ ಬರಲಿ.

ನೀರು ಮೇಲೇರುವುದನ್ನು ತೋರಿಸಲು ತಿಂಡಿಗೆ ಬಳಸುವ ಬಣ್ಣವನ್ನು ನೀರಿಗೆ ಗಾಢವಾಗಿ ಬೆರೆಸಿ, ಉದ್ದ ತೊಟ್ಟಿನ ಬಿಳಿ ಹೂವೊಂದನ್ನು ಇಟ್ಟರೆ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಪಕಳೆಯ ನರಗಳಲ್ಲಿ ಬಣ್ಣ ಮೂಡುತ್ತದೆ. ದೊಡ್ಡವರು ತೊಟ್ಟನ್ನು ಉದ್ದಕ್ಕೆ ಸೀಳಿ ಎರಡು ಬಣ್ಣದ ಲೋಟಗಳಿಗೆ ಇಳಿಬಿಟ್ಟರೆ ಹೂವಿನ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಮತ್ತೊಂದು ಬಣ್ಣ. ಬೀಜವಿಲ್ಲದೆಯೂ ಗಿಡ ಹುಟ್ಟುತ್ತದೆ ಎನ್ನಲು ಕಣ್ಣು ಒಡೆದ ಆಲೂಗಡ್ಡೆ, ನೀರಿಗೆ ಬುಡ ತಾಗಿಸಿದ ಈರುಳ್ಳಿ ಇಟ್ಟರಾಯಿತು.

ಮೊಳೆಯದ ಬೀಜ, ಸತ್ತ ಸಸಿ

ಹತ್ತು ಬೀಜ ಬಿತ್ತಿದರೆ ಹತ್ತೂ ಮೊಳೆಯುವುದಿಲ್ಲ. ಮಗುವಿಗೆ ಬೇಸರವಾಗಬಾರದೆಂದು ರಾತ್ರಿಯೇ ಬೇರೆ ಸಸಿಯನ್ನು ತಂದು ಆ ಕುಂಡದಲ್ಲಿ ನೆಟ್ಟುಬಿಡುವ ದೊಡ್ಡವರಿದ್ದಾರೆ. ಅವರ ಮಮತೆ ನನಗೆ ಅರ್ಥವಾಗುತ್ತದೆ, ಆದರೂ ಹಾಗೆ ಮಾಡಬೇಡಿ. ಹಾಗೆ ಮಾಡಿದರೆ ಮಗು ನೋಡಿದ್ದು ಸುಳ್ಳಾಗುತ್ತದೆ. ಪ್ರತಿ ಮಗುವಿನ ಹೆಸರಿನಲ್ಲಿ ಎರಡು ಮೂರು ಬೀಜ ಹಾಕಿಸಿ, ಜೊತೆಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಕುಂಡವನ್ನೂ ಬೆಳೆಸಿದರೆ ಯಾರೂ ಬರಿಗೈಯಲ್ಲಿ ಉಳಿಯುವುದಿಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ತಮ್ಮ ಶಿಶುವಿಹಾರದ ತೋಟದ ಬಗ್ಗೆ ಯೋಚಿಸಿದ್ದೂ ಹೀಗೆಯೇ: ಪ್ರತಿ ಮಗುವಿಗೆ ತನ್ನದೇ ಪುಟ್ಟ ಪಾತಿ, ಅದರ ಪಕ್ಕದಲ್ಲೇ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಗಳು. ಮೊಳೆಯದ ಬೀಜವನ್ನು ಮಣ್ಣಿನಿಂದ ತೆಗೆದು ಬಿಡಿಸಿ ನೋಡಿ. ಮೆತ್ತಗಾಗಿ ಕೊಳೆತಿದ್ದರೆ ನೀರು ಹೆಚ್ಚಾಯಿತೇ, ಗಟ್ಟಿಯಾಗೇ ಇದ್ದರೆ ನೀರು ತಲುಪಲಿಲ್ಲವೇ, ಒಳಗೆ ತೂತಿದ್ದರೆ ಹುಳು ತಿಂದಿತೇ ಎಂದು ಒಟ್ಟಿಗೆ ಹುಡುಕಿದರೆ ಮೊಳೆಯದ ಬೀಜವೂ ಪಾಠವಾಗುತ್ತದೆ. ಸಸಿ ಒಣಗಿ ಸತ್ತಾಗ ‘ಮಲಗಿದೆ’ ಎನ್ನಬೇಡಿ. ಸತ್ತಿದೆ ಎಂದೇ ಹೇಳಿ. ಅತ್ತರೆ ಅಳಲಿ, ಜೊತೆಗಿರಿ. ಗಿಡಕ್ಕೂ ಜೀವವಿತ್ತು ಎಂದು ಮಗು ಒಪ್ಪಿಕೊಂಡಿದೆ ಎಂಬುದಕ್ಕೆ ಆ ಅಳುವೇ ಸಾಕ್ಷಿ.

ಕುಂಡಕ್ಕೆ ವರ್ಗಾಯಿಸಿದ ಬೀನ್ಸ್ ಗಿಡಕ್ಕೆ ದಿನವೂ ಹಲವು ಗಂಟೆಗಳ ಬಿಸಿಲು ಸಿಗಬೇಕು. ಬಳ್ಳಿಯ ಜಾತಿಯದಾದರೆ ಊರುಗೋಲು ನೆಡಬೇಕು. ಬಳ್ಳಿ ಕೋಲನ್ನು ಸುತ್ತುವ ದಿಕ್ಕಿಗೆ ಬಣ್ಣದ ದಾರ ಕಟ್ಟಿ ಗುರುತಿಸುವುದು ಮಕ್ಕಳಿಗೆ ಒಳ್ಳೆಯ ಕೆಲಸ. ಗಿಡ್ಡ ಜಾತಿಗಳಲ್ಲಿ ಬಿತ್ತಿದ ಸುಮಾರು ಎರಡು ತಿಂಗಳಿಗೆ ಎಳೆಕಾಯಿ ಬರುತ್ತದೆ. ಹೂವು ಉದುರಿದ ಜಾಗದಲ್ಲೇ ಸೂಜಿಯಷ್ಟು ಕಾಯಿ ಕಾಣಿಸಿಕೊಳ್ಳುವುದನ್ನು ತೋರಿಸಲು ಮರೆಯಬೇಡಿ, ಏಕೆಂದರೆ ಹೂವಿಗೂ ಕಾಯಿಗೂ ಸಂಬಂಧವಿದೆ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ. ನಾಲ್ಕೈದು ಕಾಯಿಗಳನ್ನು ಕೊಯ್ಯದೆ ಗಿಡದಲ್ಲೇ ಬಿಟ್ಟು, ಸಿಪ್ಪೆ ಒಣಗಿ ಅಲ್ಲಾಡಿಸಿದರೆ ಸದ್ದಾಗುವಷ್ಟು ಬಲಿತ ಮೇಲೆ ಬಿಡಿಸಲು ಕೊಡಿ. ಸಿಕ್ಕ ಬೀಜಗಳನ್ನು ಎಣಿಸಿ, ನೆರಳಿನಲ್ಲಿ ಇನ್ನೊಂದು ವಾರ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಬಿಡಿಸಿದ ಮಗುವಿನ ಹೆಸರನ್ನೂ ತಿಂಗಳನ್ನೂ ಬರೆದು ತೇವವಿಲ್ಲದ ತಂಪು ಜಾಗದಲ್ಲಿ ಇಟ್ಟರೆ ಮುಂದಿನ ವರ್ಷದ ತರಗತಿಗೆ ಬೇಕಾದ ಬೀಜ ಅಲ್ಲೇ ಸಿದ್ಧವಿರುತ್ತದೆ.